ಪದಚರ್ಚೆ: ಕಾರ್ಕ್‌ಗೆ ಬೂಚು, ಬಿರಡೆ, ಬೆಂಡು – ಯಾವುದು? ‘ಮರುಬಳಕೆ’ ಇಲ್ಲಿ ಹೊಂದುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗಾಗಿ ಒಂದು ಕಿರುಪುಸ್ತಕ ಸಿದ್ಧಪಡಿಸುತ್ತಿದ್ದೇನೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬಹುಪಾಲು ಒಣದ್ರಾಕ್ಷಿಯಾಗುತ್ತದೆ. ವೈನ್ ದ್ರಾಕ್ಷಿ ಬೆಳೆಯುವವರು ಕಡಿಮೆ, ಆದರೆ 2007ರ ರಾಜ್ಯ ವೈನ್ ನೀತಿಯ ನಂತರ ಆ ಬಗ್ಗೆ ವಿಚಾರಿಸುವವರು ಇದ್ದಾರೆ. ಪುಸ್ತಕದ ಒಂದು ಅಧ್ಯಾಯ ವೈನ್ ಬಾಟಲಿಯ ಕಾರ್ಕ್ ಕುರಿತದ್ದು: ಅದು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗಬೇಕು, ಅದರಿಂದ ಮರಕ್ಕೆ ಕೇಡೇ ಒಳಿತೇ. ಈ ಅಧ್ಯಾಯದ ಕೆಲವು ಪದಗಳ ಬಗ್ಗೆ ನಿಮ್ಮ ಸಹಾಯ ಬೇಕು.

ಕಾರ್ಕ್ ಎಂಬ ಒಂದೇ ಮಾತು ಬಾಟಲಿಯ ಬಾಯಿಗೆ ತುರುಕುವ ವಸ್ತುವಿಗೂ ಆ ವಸ್ತುವನ್ನು ಮಾಡಿದ ಪದಾರ್ಥಕ್ಕೂ ಸಲ್ಲುತ್ತದೆ. ವಸ್ತುವಿನ ಮಟ್ಟಿಗೆ ನಮ್ಮಲ್ಲಿ ಕೊರತೆಯಿಲ್ಲ. ನಮ್ಮ ಭಾಗದಲ್ಲಿ ಬೂಚು ಎನ್ನುತ್ತಾರೆ, ಮರಾಠಿಯಲ್ಲೂ ಅದೇ ಮಾತಿದೆ. ಬಿರಡೆ ಎಂಬುದು ಪುಸ್ತಕಗಳಲ್ಲಿ ಹೆಚ್ಚು ಬಳಕೆಯಲ್ಲಿದೆ, ಆದರೆ ತಂಬೂರಿ, ವೀಣೆಗಳ ತಂತಿ ಬಿಗಿಯುವ ಗೂಟಕ್ಕೂ ಅದೇ ಹೆಸರು. ನನ್ನ ಒಲವು ಬೂಚಿನ ಕಡೆಗೆ. ಪ್ಲಾಸ್ಟಿಕ್‌ದೂ ಬೂಚೇ, ರಬ್ಬರಿನದೂ ಬೂಚೇ ಆಗುವುದರಿಂದ ‘ಕಾರ್ಕಿನ ಬೂಚು’ ಎಂದು ಬರೆದರೆ ವಸ್ತು ಮತ್ತು ಪದಾರ್ಥ ತಾವಾಗಿಯೇ ಬೇರೆಯಾಗುತ್ತವೆ.

ಪದಾರ್ಥಕ್ಕೆ ಹಳೆಯ ನಿಘಂಟುಗಳು ಬೆಂಡು ಎನ್ನುತ್ತವೆ. ನನಗೆ ಪ್ರಿಯವಾದ ಪದ. ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುವುದು ಬೆಂಡು, ಜೋಳದ ದಂಟಿನ ಸಿಪ್ಪೆ ಸುಲಿದಾಗ ಸಿಗುವುದೂ ಬೆಂಡು. ಹಗುರ, ತೇಲುವ ಗುಣ, ಒತ್ತಿದರೆ ಕುಗ್ಗುವ ಮೆದುತನ ಎಲ್ಲವೂ ಆ ಒಂದು ಮಾತಿನಲ್ಲಿವೆ. ತೊಡಕು ಒಂದೇ: ದಂಟಿನ ಬೆಂಡು ಒಳಗಿನ ತಿರುಳು, ಕಾರ್ಕ್ ಮರದ ಹೊರಗಿನ ತೊಗಟೆ. ಮರ ಸೀಳಿ ತಿರುಳು ತೆಗೆಯುತ್ತಾರೆ ಎಂದು ಓದುಗರು ತಿಳಿದರೆ ಅಧ್ಯಾಯದ ಉದ್ದೇಶವೇ ಕೆಟ್ಟಂತೆ.

‘ಬೂಚಿನ ಮರ’ ಎಂದು ಬರೆಯುವುದೂ ಅಪಾಯ. ಗಡಿಭಾಗದ ಮರಾಠಿಯಲ್ಲಿ ಬುಚಾಚೆ ಝಾಡ ಎಂದರೆ ಆಕಾಶಮಲ್ಲಿಗೆ. ಅದರ ತೊಗಟೆಯನ್ನು ಕಾರ್ಕ್‌ಗೆ ಬದಲಿಯಾಗಿ ಬಳಸಿದ್ದುಂಟು, ಗುಣಮಟ್ಟ ಮಾತ್ರ ಕೆಳಗಿನದು. ವೈನ್ ಬೂಚಿನ ಮರ ಬೇರೆ: ಪೋರ್ಚುಗಲ್, ಸ್ಪೇನ್ ಮತ್ತು ಮೆಡಿಟರೇನಿಯನ್ ಸುತ್ತಲ ನಾಡುಗಳಲ್ಲಿ ಬೆಳೆಯುವ ಓಕ್ ಜಾತಿ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಆದ್ದರಿಂದ ‘ಕಾರ್ಕ್ ಓಕ್’ ಎಂದೇ ಇಡುತ್ತೇನೆ. ಅಲ್ಲಿ ಈ ಮರಗಳ ನಡುವೆ ಕುರಿ, ಹಂದಿ ಮೇಯುವ ಬಯಲಿಗೆ ಮೊಂತಾದು ಎಂಬ ಹೆಸರಿದೆ. ಬೆಳಗಾವಿ ಕಡೆಯ ಗಾಯರಾಣ ನೆನಪಾಯಿತು, ಆದರೆ ಗಾಯರಾಣ ಊರಿಗೆಲ್ಲ ಸೇರಿದ ನೆಲ, ಮೊಂತಾದು ಹೆಚ್ಚಾಗಿ ಖಾಸಗಿಯವರದು. ಹಾಗಾಗಿ ಅದನ್ನು ಕೈಬಿಟ್ಟೆ.

ಕ್ರಿಯಾಪದದ ಪ್ರಶ್ನೆ ಇನ್ನೂ ಮುಖ್ಯ. ‘ತೊಗಟೆ ಸುಲಿಯುತ್ತಾರೆ’ ಎಂದು ಬರೆದರೆ ನಮ್ಮ ಬೆಳೆಗಾರರು ಬೆಚ್ಚುತ್ತಾರೆ. ಅವರಿಗೆ ಗರ್ಡ್ಲಿಂಗ್ ಗೊತ್ತು. ಕಾಯಿಯ ಗಾತ್ರ ಹೆಚ್ಚಲೆಂದು ಬಳ್ಳಿಯ ಕಾಂಡದಲ್ಲಿ ತೊಗಟೆಯ ಸಣ್ಣ ಉಂಗುರ ತೆಗೆಯುವಾಗ ಎಷ್ಟು ಎಚ್ಚರ ಬೇಕು, ಆ ಗಾಯ ಕೂಡದಿದ್ದರೆ ಬಳ್ಳಿಗೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಡೀ ಕಾಂಡದ ತೊಗಟೆ ಹೋದರೆ ಮರ ಬದುಕುವುದು ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಇರುವುದು ಎರಡು ಪದರಗಳಲ್ಲಿ. ಗರ್ಡ್ಲಿಂಗ್‌ನಲ್ಲಿ ಕತ್ತರಿಸುವುದು ಆಹಾರ ಸಾಗಿಸುವ ಜೀವಂತ ಒಳತೊಗಟೆಯನ್ನು. ಕಾರ್ಕ್ ಓಕ್‌ನಲ್ಲಿ ತೆಗೆಯುವುದು ನಿರ್ಜೀವ ಹೊರತೊಗಟೆಯನ್ನು ಮಾತ್ರ, ಅದು ಮತ್ತೆ ಬೆಳೆಯುತ್ತದೆ. ಕೊಡಲಿಯ ಪೆಟ್ಟು ಒಳಪದರಕ್ಕೆ ತಾಗಿದರೆ ಮರಕ್ಕೆ ಗಾಯ, ಅದಕ್ಕಾಗಿಯೇ ಈ ಕೆಲಸಕ್ಕೆ ನುರಿತ ಕೈಗಳು ಬೇಕು. ಮೊದಲ ಬಾರಿ ತೆಗೆಯುವಾಗ ಮರಕ್ಕೆ ಸುಮಾರು 25 ವರ್ಷ ಆಗಿರಬೇಕು, ಆಮೇಲೆ ಕನಿಷ್ಠ 9 ವರ್ಷಗಳ ಅಂತರ. ಒಳ್ಳೆಯ ಬೂಚಿಗೆ ಒದಗುವ ತೊಗಟೆ ಸಿಗುವುದು ಮೂರನೆಯ ಸಲ, ಅಂದರೆ ಮರ 40 ದಾಟಿದ ಮೇಲೆ. ಯಾವ ವರ್ಷ ತೆಗೆದರೆಂದು ಆ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಇಷ್ಟೆಲ್ಲ ಇರುವುದರಿಂದ ‘ಹೊರತೊಗಟೆಯ ಕೊಯ್ಲು’ ಎಂದು ಬರೆದಿದ್ದೇನೆ. ಕೊಯ್ಲು ಎಂದರೆ ಮತ್ತೆ ಬೆಳೆ ಬರುತ್ತದೆ ಎಂಬ ಭರವಸೆ ಪದದಲ್ಲೇ ಇದೆ. ಬೇರೆ ಸಲಹೆ ಇದ್ದರೆ ತಿಳಿಸಿ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಪದ, ‘ಮರುಬಳಕೆ’. ಪತ್ರಿಕೆಗಳಲ್ಲಿ ಇದು ಎರಡು ಬೇರೆ ಕೆಲಸಗಳಿಗೆ ಸಲ್ಲುತ್ತಿದೆ: ಒಂದು ವಸ್ತುವನ್ನು ಹಾಗೆಯೇ ಮತ್ತೆ ಬಳಸುವುದು, ಮತ್ತು ಅದನ್ನು ಒಡೆದು, ಅರೆದು ಇನ್ನೊಂದು ವಸ್ತು ಮಾಡುವುದು. ಗಾಜಿನ ಬಾಟಲಿಯನ್ನು ತೊಳೆದು ಮತ್ತೆ ತುಂಬುವುದು ನಿಜವಾದ ಮರುಬಳಕೆ. ಬೂಚಿನ ವಿಷಯದಲ್ಲಿ ಹಾಗಾಗದು. 24 ಮಿಲಿಮೀಟರ್ ದಪ್ಪದ ಬೂಚನ್ನು ಸುಮಾರು 18.5 ಮಿಲಿಮೀಟರ್ ಅಗಲದ ಕಂಠಕ್ಕೆ ಹಿಂಡಿ ಕೂರಿಸಿರುತ್ತಾರೆ, ಅದು ಹಿಗ್ಗಲು ಹವಣಿಸುವ ಬಲದಿಂದಲೇ ಬಾಟಲಿ ಭದ್ರವಾಗಿರುತ್ತದೆ. ಒಮ್ಮೆ ತಿರುಪು ಚುಚ್ಚಿ ಎಳೆದ ಬೂಚನ್ನು ಮತ್ತೆ ಹೊಸ ವೈನ್‌ಗೆ ಹಾಕುವುದಿಲ್ಲ. ಸಂಗ್ರಹಿಸಿದ ಬೂಚುಗಳನ್ನು ಹರಳಿನಂತೆ ಪುಡಿ ಮಾಡಿ ನೆಲಹಾಸು, ಚಪ್ಪಲಿಯ ಅಟ್ಟೆ, ಸೂಚನಾ ಫಲಕ, ಶಾಖ ಮತ್ತು ಸದ್ದು ತಡೆಯುವ ಹಲಗೆ ಮಾಡುತ್ತಾರೆ. ಪೋರ್ಚುಗಲ್‌ನ ಕ್ವೆರ್ಕುಸ್ ಎಂಬ ಪರಿಸರ ಸಂಸ್ಥೆ ‘ಗ್ರೀನ್ ಕಾರ್ಕ್’ ಹೆಸರಿನಲ್ಲಿ ಬೂಚು ಸಂಗ್ರಹಿಸಿ, ಅದರಿಂದ ಬಂದ ಹಣವನ್ನು ಅಲ್ಲಿನ ಮರಗಳನ್ನು ನೆಡಲು ಬಳಸಿದೆ. ‘ಬೂಚಿನ ಮರುಬಳಕೆ’ ಎಂದು ಶೀರ್ಷಿಕೆ ಕೊಟ್ಟರೆ, ಚಿಕ್ಕ ಪ್ರಮಾಣದಲ್ಲಿ ವೈನ್ ಮಾಡಲು ಹೊರಟ ಬೆಳೆಗಾರರೊಬ್ಬರು ಹಳೆಯ ಬೂಚು ಕುದಿಸಿ ಮತ್ತೆ ತುರುಕಬಹುದು ಎಂದು ಓದಿಕೊಳ್ಳಬಹುದು. ಇದು ಬರಿಯ ಪದದ ತಕರಾರಲ್ಲ, ಅವರ ಮಾಲು ಕೆಡುವ ಮಾತು.

‘ಮರುಸಂಸ್ಕರಣೆ’ ಇದೆ, ಅರ್ಥ ಸರಿಯಾಗಿದೆ, ಆದರೆ ಸರ್ಕಾರಿ ಸುತ್ತೋಲೆಯಿಂದ ಆಚೆ ಅದನ್ನು ಯಾರೂ ಆಡುವುದಿಲ್ಲ. ನಮ್ಮ ಆಡುಮಾತಿನಲ್ಲಿ ಈ ಕೆಲಸಕ್ಕೆ ಒಂದು ಸೊಗಸಾದ ಕ್ರಿಯಾಪದ ಇದೆ: ಮುರಿಸುವುದು. ಹಳೆಯ ಪಾಟ್ಲಿ ಮುರಿಸಿ ಬಿಲ್ವಾರ ಮಾಡಿಸಿದರು ಎನ್ನುತ್ತೇವೆ. ಬಂಗಾರ ಉಳಿಯಿತು, ಒಡವೆ ಬದಲಾಯಿತು. ಬೂಚಿಗೂ ಆಗುವುದು ಇದೇ. ‘ಬೂಚು ಮುರಿಸಿ ನೆಲಹಾಸು’ ಎಂದು ಉಪಶೀರ್ಷಿಕೆ ಕೊಡುವ ಆಸೆ ಇದೆ.

ನನ್ನ ಪ್ರಶ್ನೆಗಳು ಇವು. ಬಂಗಾರ, ಬೆಳ್ಳಿ ಬಿಟ್ಟು ಬೇರೆ ವಸ್ತುಗಳಿಗೆ ‘ಮುರಿಸು’ ಬಳಸುವುದನ್ನು ನಿಮ್ಮ ಊರಿನಲ್ಲಿ ಕೇಳಿದ್ದೀರಾ? ಮೋಡಕಾ ವ್ಯಾಪಾರದವರು ಪ್ಲಾಸ್ಟಿಕ್, ಕಬ್ಬಿಣ ಕಾರ್ಖಾನೆಗೆ ಕಳಿಸುವಾಗ ಯಾವ ಮಾತು ಆಡುತ್ತಾರೆ? ಆಲಮಟ್ಟಿ ಹಿನ್ನೀರಿನ ಮೀನುಗಾರರನ್ನು ಬಲ್ಲ ಬಾಗಲಕೋಟೆಯ ಸ್ನೇಹಿತರು, ಬಲೆಗೆ ಕಟ್ಟುವ ತೇಲುಗುಂಡಿಗೆ ಅವರು ಈಗಲೂ ಬೆಂಡು ಎನ್ನುತ್ತಾರೆಯೇ ಎಂದು ವಿಚಾರಿಸಿ ಬರೆಯಲು ಕೋರುತ್ತೇನೆ. ಹೌದಾದರೆ, ತಿರುಳಿಗೆ ಮಾತ್ರ ಬೆಂಡು ಎಂಬ ನನ್ನ ಆಕ್ಷೇಪ ಸಡಿಲವಾಗುತ್ತದೆ, ‘ಕಾರ್ಕ್’ ಜೊತೆಗೆ ‘ಓಕ್ ತೊಗಟೆಯ ಬೆಂಡು’ ಎಂದು ಒಮ್ಮೆಯಾದರೂ ಬರೆಯಬಹುದು. ಹಸ್ತಪ್ರತಿ ಮುಂದಿನ ತಿಂಗಳು ಅಚ್ಚಿಗೆ ಹೋಗಲಿದೆ.