ಪೂಲ್‌ಗೆ ಎಲ್‌ಇಡಿ ಹಾಕಿಸಿದ ಮೇಲೆ ಲೈಟ್ ಅರ್ಧ ಗಂಟೆಗೆ ಆರುತ್ತಿದೆ

ಪರ್ವರಿ ಮನೆ:
ನಮಸ್ಕಾರ. ನಾವು ಗೋವಾದ ಪರ್ವರಿಯಲ್ಲಿದ್ದೇವೆ. ಮನೆ ಹಿಂದಿನ ಚಿಕ್ಕ ಪೂಲ್‌ನಲ್ಲಿ 300 ವ್ಯಾಟ್‌ನ ಎರಡು ಹ್ಯಾಲೋಜೆನ್ ಇದ್ದವು, 12 ವೋಲ್ಟ್‌ನವು. ಬಿಲ್ ಜಾಸ್ತಿ ಬರುತ್ತದೆ ಅಂತ ಅದೇ ಅಳತೆಯ, ಅಂದರೆ ಪಾರ್ 56, 25 ವ್ಯಾಟ್ ಎಲ್‌ಇಡಿ ಹಾಕಿಸಿದೆವು. ಹಚ್ಚಿದಾಗ ಚೆನ್ನಾಗಿ ಉರಿಯುತ್ತವೆ. ಅರ್ಧ ಗಂಟೆಗೆ ಒಂದು ಮಿಣುಕಿ ಆರುತ್ತದೆ, ಆಮೇಲೆ ತಾನೇ ಹತ್ತಿಕೊಳ್ಳುತ್ತದೆ. ಈಗ ಇನ್ನೊಂದೂ ಶುರು ಮಾಡಿದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗಿಲ್ಲ, ಹಾಗಾಗಿ ಒಳಗೆ ನೀರು ಹೋಗಿರಲಿಕ್ಕಿಲ್ಲ ಅಲ್ವಾ? ಹಾಕಿದವರು "ಪೂಲ್‌ಗೆ ಎಲ್‌ಇಡಿ ಆಗಿಬರಲ್ಲ, ಹಳೆಯದೇ ಹಾಕಿ" ಅನ್ನುತ್ತಾರೆ.

ಪುಣೆ ವೈರಿಂಗ್:
ಮೇಡಂ, ದಯವಿಟ್ಟು ಹಳೆಯದಕ್ಕೆ ಹೋಗಬೇಡಿ. ದಿನಕ್ಕೆ 4 ಗಂಟೆ ಹಚ್ಚಿದರೆ ಎರಡು ಹ್ಯಾಲೋಜೆನ್‌ಗೆ ತಿಂಗಳಿಗೆ 72 ಯೂನಿಟ್ ಬೇಕು. ಎಲ್‌ಇಡಿಗೆ 6 ಸಾಕು.

ಆರ್‌ಸಿಸಿಬಿಯನ್ನು ಮಾತ್ರ ನಂಬಬೇಡಿ. ಟ್ರಾನ್ಸ್‌ಫಾರ್ಮರ್‌ನ 12 ವೋಲ್ಟ್ ಕಡೆ ನೀರು ಹೋದರೂ ಅದು ಟ್ರಿಪ್ ಆಗುವುದಿಲ್ಲ. ಗಾಜಿನ ಒಳಗೆ ಹಬೆ ಕಟ್ಟಿದೆಯಾ ನೋಡಿ. ಇಲ್ಲದಿದ್ದರೆ ನನ್ನ ಅನುಮಾನ ಬಿಸಿಯ ಮೇಲೆ. ಆರಿ, ತಣ್ಣಗಾಗಿ, ಮತ್ತೆ ಹತ್ತುವುದು ಅದರದೇ ಲಕ್ಷಣ. ಟ್ರಾನ್ಸ್‌ಫಾರ್ಮರ್ ಯಾವುದು? ವೈರ್ ಎಷ್ಟು ದೂರ?

ಪರ್ವರಿ ಮನೆ:
ಹಬೆ ಇಲ್ಲ ಸರ್. ಲೈಟ್‌ಗೊಂದರಂತೆ ತಾಮ್ರದ ಸುತ್ತಿನ ಭಾರದ ಟ್ರಾನ್ಸ್‌ಫಾರ್ಮರ್ ಪಂಪ್ ರೂಮಿನಲ್ಲಿವೆ. ಹಳೆಯವೇ, ಬದಲಾಯಿಸಿಲ್ಲ. ಅದರಲ್ಲಿ 12, 13, 14 ವೋಲ್ಟ್ ಅಂತ ಟರ್ಮಿನಲ್ ಇವೆ, ವೈರ್ 14ಕ್ಕೆ ಹೋಗಿದೆ. ದೂರ 15 ಮೀಟರ್ ಇರಬಹುದು, ವೈರ್ ದಪ್ಪ 6 ಸ್ಕ್ವೇರ್ ಎಂಎಂ.

ಪುಣೆ ವೈರಿಂಗ್:
ಆ 14ರಲ್ಲೇ ಇದೆ ತೊಂದರೆ. 300 ವ್ಯಾಟ್ ಹ್ಯಾಲೋಜೆನ್ 12 ವೋಲ್ಟ್‌ನಲ್ಲಿ 25 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟ್ ಹರಿದಾಗ ನಿಮ್ಮ ವೈರ್‌ನಲ್ಲೇ ಸುಮಾರು 2 ವೋಲ್ಟ್ ಕರಗುತ್ತದೆ. ಅದಕ್ಕೇ ಹಿಂದೆ ಯಾರೋ ತಿಳಿದವರು 14ಕ್ಕೆ ಕೊಟ್ಟಿದ್ದಾರೆ, ದೀಪಕ್ಕೆ ಸರಿಯಾಗಿ 12 ಸಿಗಲಿ ಅಂತ. ಎಲ್‌ಇಡಿ ಎಳೆಯುವುದು 2 ಆಂಪಿಯರ್ ಆಸುಪಾಸು. ವೈರ್‌ನಲ್ಲಿ ಏನೂ ಕಳೆಯುವುದಿಲ್ಲ ಅನ್ನಬಹುದು. ಲೋಡ್ ಇಳಿದಾಗ ಟ್ರಾನ್ಸ್‌ಫಾರ್ಮರ್ ವೋಲ್ಟೇಜೂ ಸ್ವಲ್ಪ ಏರುತ್ತದೆ. ಅಷ್ಟೂ ಪಾಪ ಲೈಟ್‌ನ ತಲೆ ಮೇಲೆ.

ಎಲೆಕ್ಟ್ರಿಷಿಯನ್ ಕರೆಸಿ. ಲೈಟ್ ಉರಿಯುವಾಗ ಡೆಕ್ ಮೇಲಿನ ಜಂಕ್ಷನ್ ಬಾಕ್ಸ್‌ನಲ್ಲಿ ಮಲ್ಟಿಮೀಟರನ್ನು ಎಸಿಗೆ ಇಟ್ಟು ಅಳೆಯಲಿ. ಆಮೇಲೆ ಎಂಸಿಬಿ ಇಳಿಸಿಯೇ ವೈರನ್ನು 12ಕ್ಕೆ ಹಾಕಿ, ಮತ್ತೆ ಅಳೆಯಲಿ. ಆ ಹೊತ್ತಿಗೆ ಪೂಲ್‌ನಲ್ಲಿ ಯಾರೂ ಇರಬಾರದು, ಮಕ್ಕಳಂತೂ ಹತ್ತಿರವೂ ಬೇಡ. ಲೈಟನ್ನು ನೀರಿನಿಂದ ಎತ್ತಿ ಹಚ್ಚಿ ನೋಡುವುದೂ ಬೇಡ. ಇಂಥವು ತಣ್ಣಗಿರುವುದೇ ನೀರಿನಿಂದ.

ಪರ್ವರಿ ಮನೆ:
ಅಳೆಸಿದೆ ಸರ್. 14.6 ಇತ್ತು! 12ಕ್ಕೆ ಹಾಕಿದ ಮೇಲೆ 12.4 ತೋರಿಸಿತು. ನಿನ್ನೆ ಸಂಜೆಯಿಂದ ರಾತ್ರಿ ಊಟದವರೆಗೂ ಎರಡೂ ಉರಿದವು, ಒಮ್ಮೆಯೂ ಮಿಣುಕಲಿಲ್ಲ. ತುಂಬಾ ಥ್ಯಾಂಕ್ಸ್. ಮೊದಲು ಕೆಟ್ಟ ಲೈಟ್ ಮಾತ್ರ ಸ್ವಲ್ಪ ಮಂಕಾಗಿ ಕಾಣುತ್ತದೆ.

ಪುಣೆ ವೈರಿಂಗ್:
ಬಹಳ ಸಂತೋಷ ಆಯಿತು ಮೇಡಂ. ಆ ಮಂಕಾದದ್ದು ಬಿಸಿಗೆ ಬಳಲಿದೆ, ಜಾಸ್ತಿ ದಿನ ಬಾಳಲಿಕ್ಕಿಲ್ಲ. ವಾರಂಟಿ ಇದ್ದರೆ ಈಗಲೇ ಕೇಳಿ. ಹೊಸದು ತರುವಾಗ ಡಬ್ಬಿ ಮೇಲೆ 12 ವೋಲ್ಟ್ ಎಸಿ ಮತ್ತು ಐಪಿ 68 (ನೀರಿನೊಳಗೆ ಇಡಬಹುದು ಅನ್ನುವ ಗುರುತು) ಎರಡೂ ಬರೆದಿದೆಯಾ ನೋಡಿ. ಬರೀ ಡಿಸಿ ಅಂತಿದ್ದರೆ ನಿಮ್ಮ ಟ್ರಾನ್ಸ್‌ಫಾರ್ಮರ್‌ಗೆ ಆಗುವುದಿಲ್ಲ.