ಐರಿಶ್-ಅಮೆರಿಕನ್ ಸೋಡಾ ಬ್ರೆಡ್ ದಾವಣಗೆರೆಯಲ್ಲಿ ಮಾಡಬಹುದೇ?

ಪ್ರಶ್ನೆ: ಕಾಲೇಜಿನ ವಲಸೆ ಇತಿಹಾಸ ಪ್ರದರ್ಶನಕ್ಕೆ ಐರಿಶ್ ಜನರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದ ಸೋಡಾ ಬ್ರೆಡ್ (ಯೀಸ್ಟ್ ಬದಲು ಅಡುಗೆ ಸೋಡಾ ಹಾಕಿ ಉಬ್ಬಿಸುವ ಬ್ರೆಡ್) ಬೇಕು. ಇಲ್ಲಿನ ಮೈದಾ, ಮನೆ ಮಜ್ಜಿಗೆ ಸಾಕೇ? ಅಮೆರಿಕದ್ದು ಬೇರೆಯೇ?

ಉತ್ತರ 1: ಮೈದಾ ಸಾಕು. ಆದರೆ ನೀರು ಮಜ್ಜಿಗೆ ಬೇಡವೇ ಬೇಡ. ಹುಳಿ ಸಾಲದಿದ್ದರೆ ಸೋಡಾ ಪೂರ್ತಿ ಕೆಲಸ ಮಾಡದೆ ಸಾಬೂನಿನ ರುಚಿ ಉಳಿಯುತ್ತದೆ. 250 ಗ್ರಾಂ ಹುಳಿ ಮೊಸರಿಗೆ ಸುಮಾರು 100 ಮಿಲಿ ನೀರು ಹಾಕಿ ಕಡೆಯಿರಿ. ನಮ್ಮೂರಿನ ಬಿಸಿಲಿಗೆ ಮೊಸರು ಬೇಗ ಹುಳಿಯುತ್ತದೆ, ಅದು ಅನುಕೂಲವೇ. 450 ಗ್ರಾಂ ಮೈದಾ, ತಲಾ 1 ಟೀ ಚಮಚ ಸೋಡಾ, ಉಪ್ಪು ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದರೆ ಹಳದಿ ಕಹಿ ಚುಕ್ಕೆ ಬೀಳುತ್ತವೆ. ನಾದಬೇಡಿ, ಕೂಡಿಸಿದರೆ ಸಾಕು, ನಾದಿದರೆ ಗಟ್ಟಿ. ಮೇಲೆ ಆಳವಾಗಿ ಅಡ್ಡ-ಉದ್ದ ಸೀಳಿ, ತಡಮಾಡದೆ 200 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿ. ತಳ ತಟ್ಟಿದಾಗ ಟೊಳ್ಳು ಸದ್ದು ಬರಬೇಕು.

ಉತ್ತರ 2: ಮೇಲಿನದು ಐರ್ಲೆಂಡಿನ ಬಡವರ ಬ್ರೆಡ್. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಅಮೆರಿಕಕ್ಕೆ ಹೋದರು. ಅಲ್ಲಿ ಸಕ್ಕರೆ, ಬೆಣ್ಣೆ, ಒಣದ್ರಾಕ್ಷಿ ಸೇರಿ ಅದು ಸಿಹಿಯಾಯಿತು. ಹಾಗಾಗಿ 50 ಗ್ರಾಂ ಸಕ್ಕರೆ, 50 ಗ್ರಾಂ ಬೆಣ್ಣೆ, ಒಂದು ಹಿಡಿ ದ್ರಾಕ್ಷಿ ಸೇರಿಸಿ. ನನ್ನ ಸಲಹೆ: ಎರಡನ್ನೂ ಪಕ್ಕಪಕ್ಕ ಇಡಿ.

ಉತ್ತರ 3: ಸಕ್ಕರೆ ಹಾಕಿದರೆ ಮೇಲ್ಭಾಗ ಬೇಗ ಕಪ್ಪಾಗುತ್ತದೆ. 180 ಡಿಗ್ರಿಗೆ ಇಳಿಸಿ, 10 ನಿಮಿಷ ಹೆಚ್ಚು ಕೊಡಿ.