ಭಾವ ಹತ್ರ ಬರದೇ ಇರೋ ಹಾಗೆ ಕೋರ್ಟಿಂದ ಆರ್ಡರ್ ಸಿಗುತ್ತಾ?

ಹೊಳೆದಂಡೆ:
ಹೆಸರು ಬೇಡ. ಹೊಸನಗರ ಕಡೆ ಕೊಟ್ಟಿದ್ದು, ಈಗ ತೀರ್ಥಹಳ್ಳಿ ಹತ್ರ ತವರಲ್ಲಿದೀನಿ. ಭಾವ ಅಂದ್ರೆ ಗಂಡನ ಅಣ್ಣ, ಎಲ್ಲ ಒಂದೇ ಮನೇಲಿದ್ವಿ. ಕೊಯ್ಲಿನ ಟೈಮಲ್ಲಿ ಎಲ್ರೂ ಅಂಗಳದಲ್ಲಿ ಅಡಿಕೆ ಸುಲೀತಾ ಕೂತಿರುವಾಗ ಒಳಗೆ ನಂಗೆ ಏನು ಮಾಡ್ದ ಅಂತ ಇಲ್ಲಿ ಬರೆಯೋಕಾಗಲ್ಲ, ಒಂದ್ಸಲ ಅಲ್ಲ. ಗಂಡನಿಗೆ ಹೇಳಿದ್ರೆ "ಅಣ್ಣ ಅಂಥವನಲ್ಲ" ಅಂದ್ರು. ಬಂದು ಒಂದೂವರೆ ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ, ಬೇರೆ ಬೇರೆ ನಂಬರಿಂದ ಫೋನು, ಹೋದ ವಾರ ನಾನು ಕೆಲಸಕ್ಕೆ ಹೋಗೋ ಟೈಲರ್ ಅಂಗಡಿ ಎದುರು ಬೈಕ್ ನಿಲ್ಸಿ ಮುಕ್ಕಾಲು ಗಂಟೆ ಸುಮ್ನೆ ನೋಡ್ತಾ ಕೂತಿದ್ದ, ನಂಗೆ ಕೈ ನಡುಗಿ ಸೂಜಿಗೆ ದಾರ ಹಾಕೋಕಾಗ್ಲಿಲ್ಲ. ಜೈಲು ಗೀಲು ಆಮೇಲೆ, ಮೊದ್ಲು ಹತ್ರ ಬರ್ಬಾರ್ದು. ನಮ್ಮೂರಲ್ಲಿ ಸ್ಟೇ ಅಂದ್ರೆ ತೋಟದ ಬೇಲಿ ಜಗಳಕ್ಕೆ ತರೋದು, ಮನುಷ್ಯನ ಮೇಲೂ ತರ್ಬಹುದಾ? ಲೇಟ್ ಆಯ್ತಾ?

ಕರಿಕೋಟು:
ತರ್ಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಸೆಕ್ಷನ್ 12ರಲ್ಲಿ ಅರ್ಜಿ, ಸೆಕ್ಷನ್ 18ರಲ್ಲಿ ರಕ್ಷಣಾ ಆದೇಶ, ಅಂದ್ರೆ ಹತ್ರ ಬರ್ಬೇಡ, ಕಾಟ ಕೊಡ್ಬೇಡ ಅನ್ನೋ ಆರ್ಡರ್. ಒಂದೇ ಮನೇಲಿ ಇದ್ದವನು ಅಂದ್ಮೇಲೆ ಭಾವನ ಮೇಲೂ ಹಾಕ್ಬಹುದು, ಗಂಡನ ಮೇಲೆ ಮಾತ್ರ ಅಂತ ಏನಿಲ್ಲ. ಅರ್ಜೀಲಿ ಟೈಲರ್ ಅಂಗಡಿ, ತವರುಮನೆ, ಫೋನು, ಮೆಸೇಜು ಎಲ್ಲ ಬಿಡಿಸಿ ಬರೆಸಿ, ಬರೆಸದೇ ಇದ್ದದ್ದು ಆರ್ಡರಲ್ಲಿ ಬಿಟ್ಟುಹೋಗ್ಬಹುದು. ಹೊಸನಗರಕ್ಕೆ ಅಲೀಬೇಕಾಗಿಲ್ಲ, ನೀವೀಗ ಇರೋ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಲ್ಲೇ ಹಾಕಿ. ಅರ್ಜೆಂಟ್ ಇದ್ರೆ ಅಫಿಡವಿಟ್ ಕೊಟ್ಟು ಸೆಕ್ಷನ್ 23ರಲ್ಲಿ ಮಧ್ಯಂತರ ಆದೇಶ (ಕೇಸು ಮುಗಿಯೋ ಮೊದ್ಲೇ ಸಿಗೋ ಆರ್ಡರ್) ಕೇಳ್ಬಹುದು, ಅವನು ಬರೋ ತನಕ ಕಾಯ್ಬೇಕಿಲ್ಲ. ಆರ್ಡರ್ ಮುರಿದ್ರೆ ಒಂದು ವರ್ಷದವರೆಗೆ ಜೈಲು ಇಲ್ಲಾ 20,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಲೇಟ್ ವಿಷ್ಯ, ಈ ಅರ್ಜಿಗೆ ಒಂದು ವರ್ಷದ ಗಡುವು ಇಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಎಫ್‌ಐಆರ್ ಬೇರೆ ದಾರಿ, ಎರಡೂ ಒಟ್ಟಿಗೆ ಮಾಡ್ಬಹುದು.

ತೋಟದ ಮನೆ:
ತಂಗಿ, ಕೋರ್ಟು ಅಂತ ಹತ್ತಿದ್ರೆ ಊರೆಲ್ಲ ಮಾತಾಗುತ್ತೆ. ಎರಡೂ ಕಡೆ ಹಿರಿಯರನ್ನ ಕೂರಿಸಿ ಒಂದ್ಸಲ ಮಾತಾಡ್ಸಿ ನೋಡಮ್ಮ.

ಸಾಗರದ ಸೊಸೆ:
ಅಣ್ಣ, ನಮ್ಮನೇಲೂ ಕೂರಿಸಿದ್ರು. ಕಾಫಿ ಕುಡಿದು, ಕವಳ ಹಾಕಿ, "ಇನ್ಮೇಲೆ ಹಂಗೆ ಮಾಡ್ಬೇಡ ಮಾರಾಯ" ಅಂತ ಅವನಿಗೊಂದು ಮಾತು, "ನೀನೂ ಸ್ವಲ್ಪ ಹುಷಾರಾಗಿರು" ಅಂತ ನಂಗೆ ನಾಲ್ಕು ಮಾತು. ಅದು ಸಾಕಾಯ್ತು.

ಹೊಳೆದಂಡೆ, ಸಿಡಿಪಿಒ ಆಫೀಸಿಗೆ (ತಾಲೂಕಿನ ಮಹಿಳಾ ಮತ್ತು ಮಕ್ಕಳ ಇಲಾಖೆ ಆಫೀಸು) ಹೋಗಿ ಸಂರಕ್ಷಣಾಧಿಕಾರಿ, ಅಂದ್ರೆ ಈ ಕಾಯ್ದೇಲಿ ಹೆಂಗಸರಿಗೆ ಸಹಾಯಕ್ಕಿರೋ ಅಧಿಕಾರಿ, ಯಾರು ಕೇಳಿ, ಕೋರ್ಟಿಗೆ ವರದಿ ಅವರೇ ಬರೀತಾರೆ. ಹೆಂಗಸರಿಗೆ ಆದಾಯ ನೋಡ್ದೆ ಲಾಯರ್ ಫ್ರೀ, ತಾಲೂಕು ಕಾನೂನು ಸೇವಾ ಸಮಿತೀಲಿ ಕೇಳಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಮತ್ತೆ ಅವನು ಬಂದು ನಿಂತ್ರೆ ತಡ ಮಾಡ್ದೆ 112. ಎಲ್ಲರೆದುರು ಹೇಳೋಕೆ ಕಷ್ಟ ಅಂದ್ರೆ ಬಾಗಿಲು ಮುಚ್ಚಿ ವಿಚಾರಣೆ ಮಾಡಿ ಅಂತ ಕೇಳ್ಕೊಳ್ಳಿ, ನಂಗೆ ಇದು ಗೊತ್ತೇ ಇರ್ಲಿಲ್ಲ. ಕಾಯ್ದೇಲಿ ಮೂರು ದಿನದಲ್ಲಿ ಮೊದಲ ಹಿಯರಿಂಗ್ ಅಂತಿದೆ, ನಂದು ಎರಡ್ಸಲ ಮುಂದಕ್ಕೆ ಹೋಯ್ತು, ಬಸ್ ಚಾರ್ಜು ದಂಡ, ಎದೆಗುಂದ್ಬೇಡಿ. ನಂಗೆ ಕೆಲಸಕ್ಕೆ ಬಂದಿದ್ದು ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್, ಅವನು ಬಂದ ದಿನ ಎಲ್ಲ ಪೆನ್ನಲ್ಲಿ ಒಂದು ಸುತ್ತು ಹಾಕಿಟ್ಟಿದ್ದೆ, ಲಾಯರ್ ಅದನ್ನೇ ನೋಡಿ ತಾರೀಖು ಬರ್ಕೊಂಡ್ರು. ಕಾಲ್ ಲಿಸ್ಟ್ ಡಿಲೀಟ್ ಮಾಡ್ಬೇಡಿ.

ಹೊಳೆದಂಡೆ:
ಸೋಮವಾರ ಸಿಡಿಪಿಒ ಆಫೀಸಿಗೆ ಹೋಗ್ತೀವಿ, ಅಮ್ಮನೂ ಬರ್ತೀನಿ ಅಂದ್ರು. ನಾನೂ ಕ್ಯಾಲೆಂಡರಲ್ಲಿ ಗುರುತು ಹಾಕಿದ್ದೆ ಅಕ್ಕ, ಯಾಕೆ ಅಂತ ಗೊತ್ತಿಲ್ದೆನೇ. ಹೋದ ವರ್ಷದ್ದು ಉಪ್ಪಿನಕಾಯಿ ಭರಣಿ ಕೆಳಗೆ ಹಾಸಿದ್ರು, ಈಗ ತೆಗೆದು ಒರೆಸಿಟ್ಟೆ. ಎಣ್ಣೆ ಹತ್ತಿದೆ, ತಾರೀಖು ಕಾಣ್ತಿದೆ.